ಹಿಂದೆ ನಡೆಯುವ ಪಾಠ

ರಾಮವ್ವ ಜನರನ್ನು ಎಣಿಸುವುದಿಲ್ಲ. ಹತ್ತರಗಿಯ ಹೆದ್ದಾರಿ ಮಗ್ಗುಲಿನ ಆ ಮನೆಯಲ್ಲಿ ಮರೆವಿನ ಕಾಯಿಲೆಯ ಹನ್ನೊಂದು ಮಂದಿ ಹಿರಿಯರಿದ್ದಾರೆ. ಉಳಿದ ಕೆಲಸದವರು ದಿನಕ್ಕೆ ಮೂರು ಸಲ ಬೆರಳು ಮಡಚಿ ಎಣಿಸುತ್ತಾರೆ. ಒಮ್ಮೆ ಹತ್ತು ಬರುತ್ತದೆ, ಒಮ್ಮೆ ಹನ್ನೆರಡು ಬರುತ್ತದೆ, ಎರಡಕ್ಕೂ ಕಂಗಾಲಾಗುತ್ತಾರೆ. ರಾಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ, "ಗಂಗಜ್ಜಿ ಕಾಣವಲ್ಲಳು, ಹಿತ್ತಲದಾಗ ನೋಡ್ರಿ" ಎನ್ನುತ್ತಾಳೆ. ಗಂಗಜ್ಜಿ ಹಿತ್ತಲಿನಲ್ಲೇ ಇರುತ್ತಾಳೆ. ರಾಮವ್ವನದು ಮೂಡಲಗಿ ಕಡೆಯ ಕುಲಗೋಡದ ಕುರಿಗಾರರ ಮನೆ. ಆ ಮನೆಯಲ್ಲಿ ಕುರಿಗಳನ್ನು ಬೆರಳು ಮಾಡಿ ಎಣಿಸುವ ರೂಢಿಯಿಲ್ಲ. ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಹೇಳಬೇಕು.

ಮನೆಯೆಂದರೆ ಅದು ಮೊದಲು ಮಂಗಲ ಕಾರ್ಯಾಲಯ. ಮದುವೆಯ ಜನ ದೊಡ್ಡ ದೊಡ್ಡ ಕಲ್ಯಾಣ ಮಂಟಪಗಳ ಬೆನ್ನು ಹತ್ತಿದ ಮೇಲೆ ಅದು ಪಾರಿವಾಳಗಳ ಪಾಲಾಗಿತ್ತು. ಸುಮನ ಅದನ್ನು ಬಾಡಿಗೆಗೆ ಹಿಡಿದಳು. ಬೀಗರ ಪಂಕ್ತಿ ಕೂರುತ್ತಿದ್ದ ಪಡಸಾಲೆಯಲ್ಲಿ ಮಂಚಗಳು ಬಂದವು. ವಧೂವರರು ಕೂರುತ್ತಿದ್ದ ವೇದಿಕೆಯ ಮೇಲೆ ಕಪ್ಪು ಹಲಗೆ ಬಂತು. ಸುಮನ ಹುಕ್ಕೇರಿಯ ಬೌದ್ಧ ಮನೆತನದ ಹೆಣ್ಣುಮಗಳು. ಅವಳ ಅವ್ವ ಕಂಡವರ ಹೊಲದಲ್ಲಿ ಕಬ್ಬು ಕಡಿದು ಅವಳನ್ನು ನರ್ಸಿಂಗ್ ಓದಿಸಿದ್ದಳು. ಆ ಪ್ರಮಾಣಪತ್ರ ಕೈಗೆ ಬಂದ ದಿನ ಅವ್ವ ಅದನ್ನು ಬುದ್ಧನ ಫೋಟೋದ ಮುಂದಿಟ್ಟು ಅತ್ತದ್ದು ಸುಮನಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಗದವೆಂದರೆ ಅವಳಿಗೆ ಬರೀ ಕಾಗದವಲ್ಲ.

ಅದಕ್ಕೇ ಸರ್ಕಾರದ ಹೊಸ ನಿಯಮ ಬಂದಾಗ ಅವಳು ಬೈಯಲಿಲ್ಲ, ಖುಷಿಪಟ್ಟಳು. ಇಂಥ ಮನೆಗಳಲ್ಲಿ ಕೆಲಸ ಮಾಡುವವರು ತರಬೇತಿ ಪಡೆದಿರಬೇಕು, ಆ ತರಬೇತಿಗೆ ರಾಜ್ಯದ ಅನುಮೋದನೆ ಇರಬೇಕು. ಎಷ್ಟು ಗಂಟೆಯ ಪಾಠ, ಯಾವ ವಿಷಯ, ಕಲಿಸುವವರು ಯಾರು, ಅವರ ಓದೆಷ್ಟು, ಪರೀಕ್ಷೆ ಹೇಗೆ, ಎಲ್ಲವನ್ನೂ ಬರೆದು ಕಳಿಸಬೇಕು. ಸುತ್ತಲಿನ ಹಳ್ಳಿಗಳ ಹದಿನಾಲ್ಕು ಹೆಣ್ಣುಮಕ್ಕಳು ಅವಳ ಹತ್ತಿರ ಕಲಿಯುತ್ತಿದ್ದರು. ಅನುಮೋದನೆ ಸಿಗದಿದ್ದರೆ ಅವರ ಕಲಿಕೆ ನೀರಿನಲ್ಲಿ ಹೋಮ ಮಾಡಿದಂತೆ. ಮುಂದಿನ ವರ್ಷದಿಂದ ಮನೆಗೂ ಬೀಗ. ಹನ್ನೊಂದು ಮಂದಿ ಹಿರಿಯರು ತಾವು ಬಂದಲ್ಲಿಗೇ ಹೋಗಬೇಕು. ಅವರಲ್ಲಿ ಹೆಚ್ಚಿನವರು ಬಂದದ್ದು ಹೊರಗಿನಿಂದ ಚಿಲಕ ಹಾಕಿದ ಕೋಣೆಗಳಿಂದ.

ಫೈಲು ಎರಡು ಸಲ ಹೋಯಿತು, ಎರಡು ಸಲ ತಿರುಗಿ ಬಂತು. ಮೊದಲ ಸಲ ಪುಟಸಂಖ್ಯೆ ತಪ್ಪಿತ್ತು. ಎರಡನೇ ಸಲ ಬಂದ ಆಕ್ಷೇಪಣೆ ಬೇರೆಯದು: ಹದಿನಾರು ಗಂಟೆಯ ಪ್ರಾಯೋಗಿಕ ತರಬೇತಿ ಕೊಡುವವರೆಂದು ಹೆಸರಿಸಿದ ಶ್ರೀಮತಿ ರಾಮವ್ವ ಇವರ ವಿದ್ಯಾರ್ಹತೆ ನಾಲ್ಕನೇ ತರಗತಿ, ಆದ್ದರಿಂದ ಅಂಗೀಕರಿಸಲು ಬರುವುದಿಲ್ಲ.

ರಾಮವ್ವ ಮಗಳ ಗಂಡನ ಮನೆಗೆಂದು ಹತ್ತರಗಿಗೆ ಬಂದವಳು, ರೊಟ್ಟಿ ಬಡಿಯಲು ಈ ಮನೆಗೆ ಸೇರಿದವಳು. ಸೇರಿ ಏಳು ವರ್ಷ. ಊಟ ಒಲ್ಲೆನೆಂದು ಹಟ ಹಿಡಿದವರು ಅವಳ ಕೈಯಲ್ಲಿ ಉಣ್ಣುತ್ತಿದ್ದರು. ಸ್ನಾನಕ್ಕೆ ಹೊಡೆದಾಡುವವರು ಅವಳ ಮುಂದೆ ತಲೆ ಬಾಗಿಸುತ್ತಿದ್ದರು. ಸುಮನ ಪುಸ್ತಕದಲ್ಲಿ ಓದಿದ್ದನ್ನು ರಾಮವ್ವ ಓದದೆಯೇ ಮಾಡುತ್ತಿದ್ದಳು. ಎಲ್ಲಿ ಕಲಿತಿರೆಂದು ಕೇಳಿದರೆ ನಕ್ಕು ಒಲೆಯ ಕಡೆ ತಿರುಗುತ್ತಿದ್ದಳು.

ಮೂರನೇ ಸಲ ಸುಮನ ಒಂದು ತಪ್ಪು ಮಾಡಿದಳು. ರಾಮವ್ವನ ಹೆಸರಿದ್ದಲ್ಲಿ ತನ್ನ ಹೆಸರು ಬರೆದಳು. ಅಪರಾಧಿಯಂತೆ ಹೋಗಿ ಹೇಳಿಯೂ ಹೇಳಿದಳು.

"ಚಿಗವ್ವಾ, ನಿಮ್ಮ ಹೆಸರ ತಗದೇನಿ. ಸಿಟ್ಟಾಗಬ್ಯಾಡ್ರಿ."

"ಬಾಳ ಚಲೋ ಮಾಡಿದ್ರಿ ಸಿಸ್ಟರ್," ಎಂದಳು ರಾಮವ್ವ. "ನನ್ನ ಹೆಸರ ಅಲ್ಲಿ ಇರಬಾರದ್ರಿ."

ಎಂಥ ದೊಡ್ಡ ಮನಸ್ಸು ಎಂದುಕೊಂಡಳು ಸುಮನ. ಆ ಮಾತಿನ ಹಿಂದೆ ಬೇರೆ ಏನಾದರೂ ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ.

ಪರಿಶೀಲನೆಗೆ ಅಧಿಕಾರಿ ಬಂದರು. ಈಶ್ವರ ಎಂದು ಹೆಸರು, ತುಮಕೂರು ಕಡೆಯವರು, ಮಾತು ಕಡಿಮೆ. ಬೆಳಿಗ್ಗೆ ಬರುತ್ತೇನೆಂದವರು ಗೋಕಾಕದಲ್ಲಿ ಇನ್ನೊಂದು ಕೆಲಸ ಮುಗಿಸಿ ಹತ್ತರಗಿ ಮುಟ್ಟುವಾಗ ನಾಲ್ಕು ದಾಟಿತ್ತು. ಮರೆವಿನವರಿಗೆ ಬೆಳಗು ಸಲೀಸು, ಸಂಜೆ ಕಷ್ಟ. ಬಿಸಿಲು ಇಳಿಯುತ್ತಲೂ ಮನೆ ನೆನಪಾಗುತ್ತದೆ. ಯಾವ ಮನೆ ಎಂಬುದು ಮಾತ್ರ ನೆನಪಾಗುವುದಿಲ್ಲ.

ಅದರ ಮೇಲೆ ಹುಡುಗಿಯರು ಒಂದು ಕಿತಾಪತಿ ಮಾಡಿದರು. ಅದನ್ನು ಕಿತಾಪತಿ ಎನ್ನಬಾರದು, ಮರ್ಯಾದೆ ಎನ್ನಬೇಕು. ಅವರಲ್ಲಿ ಅರ್ಧಕ್ಕರ್ಧ ಹಾಲುಮತದ, ಕುರಿಗಾರರ ಮನೆಯವರು. ದೊಡ್ಡವರು ಮನೆಗೆ ಬಂದರೆ ಹಣೆಗೆ ಭಂಡಾರ ಹಚ್ಚಿ, ಹೆಗಲಿಗೆ ಕರಿ ಕಂಬಳಿ ಹೊದಿಸದೆ ಬಿಟ್ಟಾರೆಯೇ? ತಾಯವ್ವ ಎಂಬವಳು ಮನೆಯಿಂದ ಹೊಚ್ಚ ಹೊಸ ಕಂಬಳಿ ತಂದಿದ್ದಳು. ಸಾಹೇಬರು ಬೇಡ ಬೇಡ ಎನ್ನುತ್ತಿದ್ದಂತೆಯೇ ಹೊದಿಸಿದಳು. ತೆಗೆದರೆ ಆ ಹುಡುಗಿಯ ಮುಖ ಬಾಡೀತೆಂದು ಅವರು ಅದನ್ನು ಹೊದ್ದುಕೊಂಡೇ ಬಚ್ಚಲುಮನೆಯ ಹಿಡಿಕೆಗಳನ್ನು ಜಗ್ಗಿ ನೋಡಿದರು, ಔಷಧದ ಕಪಾಟು ನೋಡಿದರು, ವೇದಿಕೆಯ ಮೇಲೆ ಕುಳಿತು ಪ್ರಶ್ನೆ ಕೇಳಿದರು.

"ಅವರು ಇಲ್ಲದ್ದನ್ನು ಇದೆ ಅಂದರೆ ಏನು ಮಾಡಬೇಕು?"

"ಅಲ್ಲಗಳೀಬಾರದ್ರಿ," ಎಂದು ಹದಿನಾಲ್ಕೂ ಮಂದಿ ಒಂದೇ ದನಿಯಲ್ಲಿ ಕೂಗಿದರು. ಸುಮನಳಿಗೆ ಹೆಮ್ಮೆ ಎನಿಸಿತು.

ಐದಕ್ಕೆ ಶಿದ್ರಾಮಜ್ಜ ಮಂಚದಿಂದೆದ್ದ. ಮಮದಾಪುರದವನು, ಎಂಬತ್ತರ ಹತ್ತಿರದವನು, ಐವತ್ತು ವರ್ಷ ಕುರಿ ಹಿಂದೆ ತಿರುಗಿದವನು. ಅವನ ಕಣ್ಣಿಗೆ ಕಂಬಳಿ ಹೊದ್ದ ಮನುಷ್ಯನೊಬ್ಬ ಬಿದ್ದ. ಅಜ್ಜನ ಮುಖ ಅರಳಿತು. ನೇರ ವೇದಿಕೆ ಹತ್ತಿ ಸಾಹೇಬರ ಕೈ ಹಿಡಿದ.

"ಅಣ್ಣಾ, ಯಾವಾಗ ಬಂದಿ? ಹೊತ್ತ ಮುಣಗಾಕ ಬಂತು. ಕುರಿ ಹೊರಗ ಉಳದಾವು, ನಡಿ."

ಸಾಹೇಬರು ಕೈ ಬಿಡಿಸಿಕೊಳ್ಳಲು ನೋಡಿದರು. ಆ ಹಿಡಿತ ಬಿಡುವಂಥದ್ದಲ್ಲ. ಅಜ್ಜ ಅವರನ್ನು ಎಳೆದುಕೊಂಡು ಹೆದ್ದಾರಿಯ ಕಡೆಗಿನ ಗೇಟಿಗೆ ಹೊರಟ. ಅಲ್ಲಿ ಲಾರಿಗಳು ಹಾಯುತ್ತಿದ್ದವು. ಸುಮನ ಓಡಿಹೋಗಿ ಗೇಟು ಎಳೆದು ಬೀಗ ಜಡಿದಳು. ಆ ಸದ್ದಿಗೆ ಅಜ್ಜ ಬೆಚ್ಚಿದ. "ತಗೀ! ನನ್ನ ಕುರಿ ತೋಳದ ಪಾಲಾಗತಾವು, ತಗೀ!" ಎಂದು ಕೂಗಿ ಗೇಟನ್ನು ಗುದ್ದತೊಡಗಿದ. ಆಗ ಏಳು ವರ್ಷ ಕಲಿಸಿದ ಸುಮನಳ ಬಾಯಿಂದ, ಅಷ್ಟು ಜನರೆದುರು, ಆಡಬಾರದ ಮಾತೇ ಬಂತು.

"ಅಜ್ಜಾ, ನಿಮ್ಮ ಕುರಿ ಇಲ್ರಿ. ಮಾರಿ ಹತ್ತ ವರ್ಷ ಆತು."

ಅಜ್ಜನ ಕೈ ನಿಂತಿತು. ಒಂದು ಹಿಂಡು ಕುರಿ ಆ ಕ್ಷಣದಲ್ಲೇ ಸತ್ತುಹೋದಂತೆ ಅವನು ಬಾಯಿ ತೆರೆದು ಅತ್ತ. ಸುಮನಳಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

"ಮಾವಾ!" ಹಿತ್ತಲಿನಿಂದ ದನಿ ಬಂತು. "ಆ ಕಡೆ ಎಲ್ಲಿ ಹೊಂಟೀರಿ? ಕುರಿ ಈ ಕಡೆ ಅದಾವಲ್ರೀ!"

ಕೈಗೆಲ್ಲ ಜೋಳದ ಹಿಟ್ಟು ಹತ್ತಿದ್ದ ರಾಮವ್ವ ಹಿಂದಿನ ಗೇಟನ್ನು ಪೂರಾ ತೆರೆದು ನಿಂತಿದ್ದಳು. ಅದರಾಚೆ ಕಟಾವಾದ ಹೊಲ, ಹೊಲದ ತುಂಬ ಇಳಿಬಿಸಿಲು. ಅಜ್ಜ ಅಳು ನಿಲ್ಲಿಸಿ ತಿರುಗಿದ. ಸಾಹೇಬರ ಕೈ ಬಿಡದೆಯೇ ಅತ್ತ ನಡೆದ. ರಾಮವ್ವ ದಾರಿ ಬಿಟ್ಟು ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಡೆದಳು. ಮುಂದೆ ಹೋಗಲಿಲ್ಲ, ಮುಟ್ಟಲಿಲ್ಲ.

"ಮುಂದಿಂದು ಯಾವದ್ರಿ ಮಾವಾ?"

"ಬಿಳಿ ಹಣಿದು. ಅದು ಬಂದ್ರ ಎಲ್ಲಾ ಬರತಾವು."

ರಾಮವ್ವ ಬಾಯಿಗೆ ಕೈ ಹಚ್ಚಿ ಕುರಿ ಕರೆಯುವ ಕೂಗು ಹಾಕಿದಳು. ಆ ಕೂಗಿಗೆ ಅಜ್ಜನ ಗೂನು ಬೆನ್ನು ನೆಟ್ಟಗಾಯಿತು. "ಅಣ್ಣಾ, ನೀ ಗೇಟ್ ಹಿಡಿ," ಎಂದ. ಕಂಬಳಿ ಹೊದ್ದ ಸರ್ಕಾರಿ ಅಧಿಕಾರಿ ಗೇಟು ಹಿಡಿದು ನಿಂತರು. ಅಜ್ಜ ಮೊಣಕಾಲೆತ್ತರಕ್ಕೆ ಅಂಗೈ ಚಾಚಿ ಬಾಗಿ ನಿಂತ. ಬಯಲಿನಿಂದ ಒಂದೊಂದಾಗಿ ಬರುವ ಕುರಿಗಳ ಬೆನ್ನು ಸವರಿ ಒಳಗೆ ಬಿಡತೊಡಗಿದ. ಬಾ ಬಿಳಿ ಹಣಿ. ಬಾ ಕರಿ ಕಿವಿ. ಒಂದು ತಡಮಾಡಿದರೆ ಬೈದ, ಒಂದರ ಗೊರಸು ಎತ್ತಿ ಮುಳ್ಳು ನೋಡಿದ. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಆ ಬಯಲಿನಲ್ಲಿ ಒಂದು ಕುರಿಯೂ ಇರಲಿಲ್ಲ. ಆದರೆ ಅವನ ಅಂಗೈ ಪ್ರತಿ ಸಲವೂ ಬೇರೆ ಬೇರೆ ಎತ್ತರಕ್ಕೆ ಏರಿ ಇಳಿಯುತ್ತಿತ್ತು. ತನ್ನದೇ ಹೆಸರು ಮರೆತ ಮನುಷ್ಯನಿಗೆ ಅಷ್ಟೂ ಕುರಿಗಳ ಎತ್ತರ ನೆನಪಿತ್ತು. ಇದೆಲ್ಲ ಅವನೊಳಗೆ ಇದೆಯೆಂದು ತನಗೆ ಇಷ್ಟು ದಿನ ಗೊತ್ತೇ ಆಗಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು.

ಕಡೆಗೆ ಅಜ್ಜ ಚಡಪಡಿಸಿದ. "ಕುಂಟ ಮರಿ ಒಂದ ಬರಲಿಲ್ಲ."

ರಾಮವ್ವ ಸಾಹೇಬರ ಹೆಗಲಿನಿಂದ ಕಂಬಳಿ ತೆಗೆದು, ಮಡಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. "ಇಗೋ ಮಾವಾ. ನಡೀವಲ್ದಾಗಿತ್ತು, ಎತಗೊಂಡ ಬಂದೆ." ಅಜ್ಜ ಅದನ್ನು ಎದೆಗವಚಿಕೊಂಡು, ಉಣ್ಣೆಗೆ ಮೂಗು ಹಚ್ಚಿ ಮೂಸಿ, ತಾನೇ ಗೇಟು ಮುಚ್ಚಿ ಒಳಗೆ ನಡೆದ. ಆವತ್ತು ಎರಡು ರೊಟ್ಟಿ ಉಂಡ.

ಸಾಹೇಬರು ಒಳಗೆ ಬಂದು ಫೈಲು ತೆರೆದರು. "ಇವರ ಹೆಸರು ಇದರಲ್ಲಿ ಎಲ್ಲಿದೆ?"

ಸುಮನ ಮುಚ್ಚಿಡಲಿಲ್ಲ. ಹದಿನಾರು ಗಂಟೆಯ ಪಾಠ ಅವರದೇ, ಹೆಸರು ಮಾತ್ರ ನನ್ನದು ಎಂದಳು.

"ಹಾಗಿದ್ದರೆ ಇದಕ್ಕೆ ನಾನು ಸಹಿ ಹಾಕಲಾರೆ," ಎಂದರು ಅವರು. ಹದಿನಾಲ್ಕು ಮುಖಗಳು ಬಾಡಿದವು. ಸಾಹೇಬರು ಪುಟ ತಿರುವುತ್ತ ಮುಂದುವರಿಸಿದರು: "ಮುಖ್ಯ ತರಬೇತುದಾರರಿಗೆ ಓದು ಬೇಕು, ಅದು ನಿಮಗಿದೆ. ಜೊತೆಗೆ ಅನುಭವದ ಮೇಲೆ ಒಬ್ಬರನ್ನು ಸಹಾಯಕರಾಗಿ ಸೇರಿಸಬಹುದು. ನಿಯಮದ ಕೊನೆಯ ಪುಟದಲ್ಲಿದೆ, ಅಲ್ಲಿಯವರೆಗೆ ಯಾರೂ ಓದುವುದಿಲ್ಲ. ಆದರೆ ಈ ಕೆಲಸ ಹೇಗೆ ಕಲಿತರು ಅಂತ ಅವರೇ ಹೇಳಿಕೆ ಕೊಡಬೇಕು."

"ನಾ ಒಲ್ಲೆರಿ," ಎಂದಳು ರಾಮವ್ವ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಕೈಗೆ ಒಣಗಿ ಹತ್ತಿದ್ದ ಹಿಟ್ಟನ್ನು ಕೆರೆಯುತ್ತ ನಿಂತಿದ್ದಳು.

"ಚಿಗವ್ವಾ, ನೀವು ಹೇಳದಿದ್ರ ಮನಿ ಮುಚ್ಚತೈತ್ರಿ," ಎಂದಳು ಸುಮನ.

ರಾಮವ್ವ ಮಂಚಗಳ ಕಡೆ ಒಂದು ಸಲ ಕಣ್ಣಾಡಿಸಿದಳು, ದಿನಾ ಆಡಿಸುವಂತೆ. ಆಮೇಲೆ ನೆಲದ ಮೇಲೆ ಕುಳಿತಳು.

"ಬರಕೋರಿ ಹಂಗಾರ," ಎಂದಳು. "ನಮ್ಮತ್ತಿಗೆ ಅರಳು ಮರಳು ಆಗಿತ್ರಿ. ಮನ್ಯಾಗಿನ ಗಂಡಸರು ಕುರಿ ತಗೊಂಡ ದೂರ ಹೋಗಿದ್ರು, ನನ್ನ ಕೂಸ ಸಣ್ಣದು. ದಿನಾ ಸಂಜಿಮುಂದ ಅತ್ತಿ ಎದ್ದು ಹೊಂಟಬಿಡಾಕಿ. ಒಮ್ಮೆ ಕಬ್ಬಿನ ಪಡದಾಗ ಹೊಕ್ಕು ಮರದಿನ ಸಿಕ್ಕಳು. ಅವತ್ತಿನಿಂದ ನಾ ಸಂಜಿ ಆತಂದ್ರ ಮರಿ ಕಟ್ಟೂ ಕಣ್ಣಿ ತಗೊಂಡು ಆಕಿ ಕೈ ಮಂಚಕ್ಕ ಕಟ್ಟತಿದ್ದೆ. ಎರಡ ತಿಂಗಳ ಕಟ್ಟೇನ್ರಿ. ಒಂದಿನ ಕಟ್ಟಾಕತ್ತಿದ್ದೆ, ಆಕಿ ನನ್ನ ಮಾರಿ ನೋಡಿದಳು. ನನ್ನ ತನ್ನ ಅವ್ವ ಅನಕೊಂಡಿದ್ದಳು. 'ಯವ್ವಾ, ನಾ ಏನ್ ತಪ್ಪ ಮಾಡೇನಿ? ಇನ್ನ ಮಾಡಂಗಿಲ್ಲ, ಬಿಚ್ಚಬೇ' ಅಂದಳು."

ಗಂಗಜ್ಜಿ ಯಾವುದೋ ಹಾಡಿನ ಒಂದೇ ಸಾಲನ್ನು ಗುನುಗುತ್ತಿದ್ದಳು.

"ಬಿಚ್ಚಿದೆ. ಎಲ್ಲಿ ಹೋಗತಿ ಹೋಗು ಅಂತ ಕೂಸಿನ್ನ ಬಗಲಾಗ ಹೊತಗೊಂಡು ಹಿಂದ ನಡದೆ. ಆಕಿ ಹೋಗಿದ್ದು ಎಲ್ಲಿಗಂದ್ರ, ಕುರಿ ನಿಲ್ಲತಿದ್ದ ಹಳೇ ಹಟ್ಟಿಗೆ. ಅಲ್ಲಿ ಕುಂತು ಒಂದ ಗಳಿಗಿ ಮಣ್ಣ ಸವರಿ, ತಾನಽ ಎದ್ದು ಮನಿಗೆ ಬಂದಳು. ಅಷ್ಟಽ ಬೇಕಾಗಿತ್ರಿ ಆಕಿಗೆ. ಮುಂದ ಎರಡ ವರ್ಷ, ಸಾಯೂತನಾ ಆಕಿ ಹಿಂದ ನಡದೇನಿ. ನಾ ಕಲತದ್ದು ಇಷ್ಟಽ. ಕಟ್ಟಿ ಹಾಕಿದಾಕಿ ಹೆಸರ ಮಾಸ್ತರ ಹೆಸರಿನ ಸಾಲಿನ್ಯಾಗ ಬರೀತೀರೇನು?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಬರೆದರು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದು, ಓದಿ ಹೇಳಿ, ಸಹಿ ಹಾಕಿಸಿದರು. ನಾಲ್ಕನೇ ತರಗತಿಯ ದುಂಡು ಅಕ್ಷರದ ಸಹಿ. ಸುಮನ ಏಳು ವರ್ಷ ಜೊತೆಗೆ ಉಂಡವಳು. ಈ ಹೆಂಗಸಿನ ನಗುವಿನ ಹಿಂದೆ ಇಷ್ಟು ಭಾರ ಇತ್ತೇ ಎಂದು ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಕಾಗದವೊಂದರ ಮುಂದೆ ಅವಳ ಅವ್ವ ಅತ್ತಿದ್ದಳು, ಈಗ ಅವಳೂ ಅತ್ತಳು.

ಎರಡು ತಿಂಗಳಿಗೆ ಅನುಮೋದನೆ ಬಂತು. ಹೊಸ ತಂಡದ ಮೊದಲ ಪಾಠ ರಾಮವ್ವನದೇ ಆಗಬೇಕೆಂದು ಸುಮನ ಹಟ ಹಿಡಿದಳು. ರಾಮವ್ವ ಇಳಕಲ್ ಸೀರೆ ಉಟ್ಟು ವೇದಿಕೆ ಹತ್ತಿದಳು, ಸೆರಗಿನ ಗಂಟು ಬಿಚ್ಚಿ ಒಂದು ಹಳೆಯ ಕಣ್ಣಿ ತೆಗೆದಳು. ಮೊಳದುದ್ದದ ಹಗ್ಗ, ಹಿಡಿದು ಹಿಡಿದು ನುಣ್ಣಗಾದದ್ದು. ಅದನ್ನು ಮುಂದೆ ಕುಳಿತವಳ ಕೈಗೆ ಕೊಟ್ಟಳು. ಅದು ಕೈಯಿಂದ ಕೈಗೆ ಹೋಯಿತು. ಆಮೇಲೆ ಅತ್ತೆಯ ಕತೆ ಹೇಳಿದಳು.

"ಇಷ್ಟ ವರ್ಷ ಇದನ್ನ ಯಾಕ ಇಟಗೊಂಡೀರಿ?" ಎಂದು ಒಬ್ಬಳು ಕೇಳಿದಳು. "ಒಲಿಗೆ ಒಗೀಬಾರದೇನ್ರಿ?"

"ಒಗದ್ರ ನಿಮಗೇನ ತೋರಸಲಿ?" ಎಂದಳು ರಾಮವ್ವ. ಸಾಲಾಗಿ ಕುಳಿತ ಮುಖಗಳ ಮೇಲೆ ಒಂದು ಸಲ ಕಣ್ಣಾಡಿಸಿದಳು, ಎಣಿಸದೆ. "ಇವತ್ತ ಇವರಿಗೆ ಬಂದದ್ದು ನಾಳಿಗೆ ನನಗೂ ಬರಬಹುದು. ಸಂಜಿಮುಂದ ನಾ ಎದ್ದು ಹೊಂಟೆ ಅಂದ್ರ, ನನ್ನ ಹಿಂದ ನಡಿಯಾಕ ಬರವರು ನೀವಽ ಅಲ್ಲೇನು?"

ಆ ಕಣ್ಣಿ ಆಗ ಸುಮನಳ ಕೈಯಲ್ಲಿತ್ತು. ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡು, ಬರುತ್ತೇನೆ ಎಂಬಂತೆ ತಲೆಯಾಡಿಸಿದಳು.