ಕ್ರಿಕೆಟ್ ಸ್ಕೋರ್‌ಬುಕ್ಕಿನಲ್ಲಿ ಒಂದು ಫುಟ್‌ಬಾಲ್ ಭಾನುವಾರ

ಅಮೆರಿಕದ ಐಸೆಲಿನ್‌ನಲ್ಲಿ ಹುಬ್ಬಳ್ಳಿ ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ ಹಳೆಯದೊಂದು ಫ್ರಿಜ್ ಇತ್ತು. ಪ್ರತಿ ವರ್ಷ ನವೆಂಬರ್‌ನ ಮೂರನೆಯ ಭಾನುವಾರ ಅದರ ಬಾಗಿಲಿಗೆ ಒಂದು ಬಿಳಿ ಹಾಳೆ ಅಂಟಿಸುತ್ತಿದ್ದರು. ಅಮೆರಿಕದ ಫುಟ್‌ಬಾಲ್‌ನಲ್ಲಿ ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಏಪ್ರಿಲ್‌ನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ನಮ್ಮ ತಂಡ ಸೋಲುವುದರಲ್ಲಿ ಗಟ್ಟಿಯಾಗಿದ್ದರಿಂದ ನಮಗೆ ಆಟಕ್ಕಿಂತ ಡ್ರಾಫ್ಟೇ ದೊಡ್ಡ ಹಬ್ಬ. ಯಾವ ಕಾಲೇಜು ಹುಡುಗ ನಮ್ಮವನಾಗಬೇಕು ಎಂದು ಒಬ್ಬೊಬ್ಬರೂ ಆ ಹಾಳೆಯಲ್ಲಿ ಒಂದೊಂದು ಸಾಲು ಬರೆಯುತ್ತಿದ್ದರು.

ಆದರೆ ಆ ಬೇಸ್‌ಮೆಂಟಿನಲ್ಲಿ ಐದು ಸೀಸನ್ ಪೂರ್ತಿ ಕೂತು ನೋಡಿದವರಿಗೆ ಮಾತ್ರ ಸಾಲು. ನನ್ನದು ಆಗ ಎರಡನೆಯ ಸೀಸನ್. ವಯಸ್ಸು ಇಪ್ಪತ್ತಮೂರು. ನನಗೊಂದು ಸಾಲು ಕೊಡಿ ಎಂದು ಆ ಸೀಸನ್ನಿನಲ್ಲಿ ಕೇಳಿದ ಸಲಗಳನ್ನು ಡೈರಿಯಲ್ಲಿ ಗುರುತು ಹಾಕಿಟ್ಟಿದ್ದೇನೆ: ಏಳು. ಏಳು ಸಲವೂ ಅಂಕಲ್ ಉತ್ತರ ಒಂದೇ. "ರೂಲ್ ಅಂದ್ರ ರೂಲ್, ಯವ್ವಾ."

ನಾನು ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕಾಗದ ಪರಿಶೀಲಿಸುವ ಕೆಲಸದಲ್ಲಿದ್ದೆ. ಎಲ್ಲೆಡೆ ಲೇಆಫ್ ಸುದ್ದಿ. ಹೆದ್ದಾರಿಯ ಎಕ್ಸಿಟ್ 8A ಸುತ್ತಲಿನ ಗೋದಾಮುಗಳ ಪಾರ್ಕಿಂಗ್ ಲಾಟ್‌ಗಳು ಅರ್ಧ ಖಾಲಿ. ನಮ್ಮ ವಿಭಾಗದಲ್ಲಿ ಒಂಬತ್ತು ಮೇಜುಗಳಿದ್ದವು. ಆ ನವೆಂಬರ್‌ನಲ್ಲಿ ಜನ ಕೂರುತ್ತಿದ್ದದ್ದು ಐದರಲ್ಲಿ. ಅಲ್ಲಿ ಕಲಿತ ನಿಯಮಗಳು ಮೂರು. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಕಣ್ಣಾರೆ ಕಾಣದ್ದನ್ನು ಎಂದೂ ಬರೆಯಕೂಡದು. ಮೂರನೆಯದು ಮುರಿದವರಿಗೆ ಅಲ್ಲಿ ಮೇಜೇ ಇರುತ್ತಿರಲಿಲ್ಲ.

ಭಾನುವಾರದ ಆಟಗಳನ್ನೂ ನಾನು ಹಾಗೆಯೇ ದಾಖಲಿಸುತ್ತಿದ್ದೆ, ಅದೂ ನನ್ನ ತಂದೆ, ಅಬ್ಬಾ, ಮೈಸೂರಿನಿಂದ ತಂದಿದ್ದ ಕ್ರಿಕೆಟ್ ಸ್ಕೋರ್‌ಬುಕ್ಕಿನಲ್ಲಿ. ಅಲ್ಲಿ ಅವರು ಲೀಗ್ ಪಂದ್ಯಗಳ ಸ್ಕೋರರ್ ಆಗಿದ್ದರು. ಬೌಲರ್‌ನ ಜಾಗದಲ್ಲಿ ನಾನು ಕ್ವಾರ್ಟರ್‌ಬ್ಯಾಕ್‌ನನ್ನು ಕೂರಿಸಿದೆ; ಚೆಂಡು ಎಸೆಯುವವನು ಅವನೇ ತಾನೆ. ಒಂದು ಎಸೆತಕ್ಕೆ ಒಂದು ಚುಕ್ಕೆ. ಹಿಡಿದರೆ ಚುಕ್ಕೆಗೆ ಸುತ್ತು. ಕೈಗೆ ಬಂದದ್ದನ್ನು ಬಿಟ್ಟರೆ ತ್ರಿಕೋನ. ಎಸೆತವೇ ಕೆಟ್ಟದ್ದಾದರೆ ಬರಿ ಚುಕ್ಕೆ. ಎಸೆಯುವ ಹೊತ್ತಿಗೆ ಎದುರಾಳಿ ಅವನ ಮೈಮೇಲೆ ಬಿದ್ದಿದ್ದರೆ ಚುಕ್ಕೆಯ ನೆತ್ತಿಗೊಂದು ಕತ್ತರಿ ಗುರುತು. ಪೆನಾಲ್ಟಿಗಳೆಲ್ಲ ಎಕ್ಸ್‌ಟ್ರಾಸ್.

ಆ ವರ್ಷ ಅಂಕಲ್ ಸ್ಟೇಡಿಯಂನ ಸೀಸನ್ ಟಿಕೆಟ್ ಬಿಟ್ಟುಬಿಟ್ಟಿದ್ದರು. ಹಾಗಾಗಿ ಆಟ ಊರಿನ ಸ್ಟೇಡಿಯಂನಲ್ಲೇ ಇದ್ದರೂ ಮೂರನೆಯ ಭಾನುವಾರ ಎಲ್ಲರೂ ಬೇಸ್‌ಮೆಂಟಿನಲ್ಲೇ ಸೇರಿದೆವು: ಅಂಕಲ್, ಆಂಟಿ, ಫ್ಲೋರಲ್ ಪಾರ್ಕಿನಿಂದ ಎರಡು ಸೇತುವೆ ದಾಟಿ ಬಂದ ಡಾಕ್ಟರ್ ಅಂಕಲ್, ಅಬ್ಬಾ, ನಾನು. ಒಂದು ಗಂಟೆಗೆ ಆಟ ಶುರುವಾಯಿತು. ಒಂದೂ ಕಾಲಿಗೆ ಜಗಳ ಶುರುವಾಯಿತು.

ಅಷ್ಟು ಕೆಟ್ಟ ಆಟವನ್ನು ನಾನು ಮತ್ತೆ ನೋಡಿಲ್ಲ. ಮೊದಲ ಎಸೆತ ನಮ್ಮವನ ಎದೆಗೆ ಬಡಿದು ಎದುರಾಳಿಯ ಕೈ ಸೇರಿತು. ಓಡುತ್ತಿದ್ದವನೊಬ್ಬ ಯಾರೂ ಮುಟ್ಟದೆಯೇ ಚೆಂಡು ಕೆಳಗೆ ಹಾಕಿದ. ಇಬ್ಬರು ನಮ್ಮವರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಎಕ್ಸ್‌ಟ್ರಾಸ್ ಹನ್ನೊಂದು.

"ಕೈಗೆ ಬೆಣ್ಣಿ ಹಚ್ಚಿಕೊಂಡು ಬಂದಾರ್ರೀ ಇವರು!" ಅಂಕಲ್ ಸೋಫಾದಿಂದ ಎದ್ದೇಬಿಟ್ಟರು. "ಚೆಂಡು ಹಿಡಿಯೋ ಒಬ್ಬ ಮಗಾ ಇಲ್ಲ ತಂಡದಾಗ. ನನ್ನ ಸಾಲು ರಿಸೀವರ್‌ಗೇ."

"ಅಲ್ಲಾ ಸ್ವಾಮಿ, ಎಸೆಯೋನು ನೆಟ್ಟಗೆ ಎಸೆದ್ರೆ ತಾನೆ ಹಿಡಿಯೋದು?" ಎಂದರು ಡಾಕ್ಟರ್ ಅಂಕಲ್. "ಈ ಕ್ವಾರ್ಟರ್‌ಬ್ಯಾಕ್ ಮುಗಿದ. ಪಲ್ಸ್ ಇಲ್ಲ. ಡೆತ್ ಸರ್ಟಿಫಿಕೇಟ್ ನಾನೇ ಬರೆದುಕೊಡ್ತೀನಿ."

"ನಿಮ್ಮ ಪೇಷೆಂಟ್ಸ್ ಮುಂದೂ ಹಿಂಗ ಮಾತಾಡ್ತೀರೇನು?"

"ಅವರು ಇಷ್ಟು ಕೆಟ್ಟದಾಗಿ ಎಸೆಯಲ್ಲ ಬಿಡಿ."

ನಾನು ಮನಸ್ಸಿನಲ್ಲಿ ಡಾಕ್ಟರ್ ಅಂಕಲ್ ಪಕ್ಷ. ಪಶ್ಚಿಮದ ಕಾಲೇಜೊಂದರಲ್ಲಿ ಎಡಗೈ ಕ್ವಾರ್ಟರ್‌ಬ್ಯಾಕ್ ಒಬ್ಬನಿದ್ದ. ಆ ಸೀಸನ್ನಿನಲ್ಲಿ ಅವನ ಒಂಬತ್ತು ಆಟ ನೋಡಿದ್ದೆ. ಓಡುತ್ತಲೇ, ಮೈ ತಿರುಗಿಸಿ, ಒಬ್ಬನೇ ಹಿಡಿಯಬಹುದಾದ ಜಾಗಕ್ಕೆ ಚೆಂಡು ಇಳಿಸುತ್ತಿದ್ದ. ನನಗೆ ಸಾಲು ಸಿಕ್ಕರೆ ಅದರಲ್ಲಿ ಅವನೇ ಎಂದು ಸೆಪ್ಟೆಂಬರ್‌ನಲ್ಲೇ ಡೈರಿಯಲ್ಲಿ ಬರೆದಿಟ್ಟಿದ್ದೆ.

ಆಂಟಿಯದು ಮೂರನೆಯ ಪಕ್ಷ. ಅದರಲ್ಲಿ ಅವರೊಬ್ಬರೇ. "ಲೈನ್ ನೋಡ್ರಿ, ಲೈನ್," ಎನ್ನುತ್ತಿದ್ದರು. ಲೈನ್ ಎಂದರೆ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐದು ದಢೂತಿ ಹುಡುಗರು. "ಆ ಕೂಸಿಗೆ ನಿಂದ್ರಾಕ ಜಾಗಾ ಕೊಡವಲ್ರು. ಹಸಿ ಕಟಗಿ ಒಲಿಗೆ ಇಟ್ಟು, ರೊಟ್ಟಿ ಸುಡಲಿಲ್ಲ ಅಂತ ನನಗ ಬೈದ್ರ ಹೆಂಗ?"

"ಲೈನ್‌ಮನ್‌ನ ಡ್ರಾಫ್ಟ್ ಮಾಡಿ ಯಾರಾದ್ರೂ ಪಟಾಕಿ ಹೊಡೆದಿದ್ದುಂಟಾ, ಆಂಟಿ?" ಎಂದೆ ನಾನು. ಎಲ್ಲರೂ ನಕ್ಕರು.

ಆಟ ಮುಗಿದಾಗ ಹದಿನೇಳು ಅಂಕಗಳ ಸೋಲು. ಯಾರಿಗೂ ದುಃಖವಿಲ್ಲ, ಎಲ್ಲರಿಗೂ ಬಿಸಿ ಏರಿತ್ತು. ಅಂಕಲ್ ಹಾಳೆ ಅಂಟಿಸಿ ಮಾರ್ಕರ್ ಹಿಡಿದರು, ಆದರೆ ತಂಡಕ್ಕೆ ಮೊದಲು ಬೇಕಾದದ್ದು ಯಾರು ಎಂಬ ಜಗಳ ನಿಲ್ಲಲಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿದರು.

"ಏಳು ಸಲ ಕೇಳೀ ನೀ. ಕೇಳಿಲ್ಲಿ. ನಿನ್ನ ಪುಸ್ತಕ ಈ ಜಗಳ ಬಗೀಹರಿಸಿದ್ರ ಈ ವರ್ಷನ ನಿನಗ ಸಾಲು. ಪುಸ್ತಕದಾಗ ಒಂದು ತಪ್ಪು ಬಂತೋ, ಐದು ಸೀಸನ್ ಮುಗಿಯೋತನಕ ಬಾಯಿ ಬಿಡಂಗಿಲ್ಲ. ಒಪ್ಪಿಗೀನ?"

"ಒಪ್ಪಿಗೆ ಅಂಕಲ್," ಎಂದೆ. ಪುಸ್ತಕ ತೆರೆದೆ.

ಎಣಿಸಿ ಓದಿದೆ. ಎಸೆತ ಮೂವತ್ತೆಂಟು. ಹಿಡಿದದ್ದು ಹತ್ತೊಂಬತ್ತು. ಕೈಬಿಟ್ಟದ್ದು ಐದು.

"ಐದು!" ಎಂದರು ಅಂಕಲ್.

"ಕೆಟ್ಟ ಎಸೆತ ಹದಿನಾಲ್ಕು."

"ಹದಿನಾಲ್ಕು!" ಡಾಕ್ಟರ್ ಅಂಕಲ್ ಎರಡೂ ಕೈ ಎತ್ತಿದರು. "ಕೇಸ್ ಕ್ಲೋಸ್ಡ್. ಮಾರ್ಕರ್ ಕೊಡಿ ಸ್ವಾಮಿ."

"ತಡೀರಿ," ಎಂದರು ಆಂಟಿ. "ಆ ಹದಿನಾಲ್ಕರಾಗ ನೆತ್ತಿ ಮ್ಯಾಲೆ ಕತ್ತರಿ ಇರೋವು ಎಷ್ಟ, ತಂಗಿ?"

ಆ ಗುರುತುಗಳನ್ನು ನಾನು ಹಾಕುತ್ತಿದ್ದೆ, ಆದರೆ ಒಂದು ಭಾನುವಾರವೂ ಕೂಡಿಸಿರಲಿಲ್ಲ. ಬೆರಳಿಟ್ಟು ಎಣಿಸಿದೆ. "ಒಂಬತ್ತು."

"ಇನ್ನೂ ಐದು ಉಳೀತಲ್ಲಮ್ಮ," ಎಂದರು ಡಾಕ್ಟರ್ ಅಂಕಲ್. "ಯಾರೂ ಮುಟ್ಟದೇ ಇದ್ರೂ ಐದು ಸಲ ಪ್ರೇಕ್ಷಕರಿಗೆ ಎಸೆದಿದ್ದಾನೆ. ನನಗೆ ಅಷ್ಟೇ ಸಾಕು."

ಅಂಕಲ್ ತಲೆ ಕೆರೆದುಕೊಂಡರು. "ಐದು ಅಂದ್ರ ಭಾಳ ಆತು ಬಿಡ್ರಿ. ಕ್ವಾರ್ಟರ್‌ಬ್ಯಾಕೇ ಇರಲಿ."

ಗೆದ್ದೆ ಎಂದುಕೊಂಡೆ. ನನ್ನ ಎಡಗೈ ಹುಡುಗ, ನನ್ನ ಸಾಲು, ಎರಡೂ ಒಂದೇ ಏಟಿಗೆ. ಆದರೆ ಬೆರಳು ಆ ಐದು ಬರಿ ಚುಕ್ಕೆಗಳ ಮೇಲೇ ಇತ್ತು. ಮೂರನೆಯ ಕ್ವಾರ್ಟರ್‌ನ, ಅಂದರೆ ಆಟದ ಮೂರನೆಯ ಕಾಲುಭಾಗದ, ಮೊದಲ ಎರಡು ಚುಕ್ಕೆಗಳ ಹತ್ತಿರ ಅದು ನಿಂತುಬಿಟ್ಟಿತು. ಆ ಹೊತ್ತಿಗೆ ನಾನು ಆಂಟಿಯ ಜೊತೆ ಮೇಲೆ ಅಡುಗೆಮನೆಯಲ್ಲಿದ್ದೆ, ಮಂಡಕ್ಕಿಯ ಗಿರಮಿಟ್ ತರಲು. ಕೆಳಗಿಳಿದು ಬಂದಾಗ ಡಾಕ್ಟರ್ ಅಂಕಲ್, "ಎರಡು ಥ್ರೋ ಆಯ್ತಮ್ಮ, ಎರಡೂ ದಂಡ, ಬರ್ಕೋ," ಎಂದಿದ್ದರು. ನಾನು ಬರೆದುಕೊಂಡಿದ್ದೆ.

ಕಾಣದ್ದನ್ನು ಬರೆದಿದ್ದೆ.

"ಯಾಕೆ ಬೇಟಾ, ನಿಂತೆ?" ಎಂದರು ಅಬ್ಬಾ. ಸ್ಕೋರರ್ ಆಗಿದ್ದವರಿಗೆ ಬೆರಳು ನಿಂತರೆ ಗೊತ್ತಾಗುತ್ತದೆ.

ಮಾರ್ಕರ್ ಅಂಕಲ್ ಕೈಯಿಂದ ನನ್ನ ಕಡೆಗೆ ಚಾಚಿತ್ತು. ಸುಮ್ಮನೆ ತೆಗೆದುಕೊಂಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಅಂಕಲ್, ಇವೆರಡು ನಾನು ನೋಡಿಲ್ಲ," ಎಂದೆ. "ಮೇಲೆ ಇದ್ದೆ. ಡಾಕ್ಟರ್ ಅಂಕಲ್ ಹೇಳಿದ್ದನ್ನ ಬರೆದೆ."

"ಹಾ!" ಅಂಕಲ್ ಮಾರ್ಕರ್ ಹಿಂದಕ್ಕೆಳೆದುಕೊಂಡರು. "ತಪ್ಪು ಬಂತು! ಬಂತಿಲ್ಲೋ?"

"ನಾನೇನು ಸುಳ್ಳು ಹೇಳ್ತೀನೇನ್ರಿ?" ಡಾಕ್ಟರ್ ಅಂಕಲ್ ಕೆರಳಿದರು. "ರೆಕಾರ್ಡ್ ಆಗಿದೆಯಲ್ಲ, ಹಾಕಿ, ರಿವೈಂಡ್ ಮಾಡಿ."

ಅಂಕಲ್ ಆಟವನ್ನು ಹಿಂದಕ್ಕೆ ಓಡಿಸಿದರು. ನಮ್ಮವರೆಲ್ಲ ಹಿಮ್ಮುಖವಾಗಿ ಎದ್ದು, ಹಿಮ್ಮುಖವಾಗಿ ಓಡಿ, ಸ್ವಲ್ಪ ಹೊತ್ತು ನಿಜಕ್ಕೂ ಚೆನ್ನಾಗಿ ಆಡಿದಂತೆ ಕಂಡರು. ಮೂರನೆಯ ಕ್ವಾರ್ಟರ್ ಬಂತು. ಐವರೂ ಟೀವಿಯ ಮುಂದೆ ಮೊಣಕಾಲೂರಿದೆವು.

ಮೊದಲ ಎಸೆತ. ಕ್ವಾರ್ಟರ್‌ಬ್ಯಾಕ್ ಕೈ ಎತ್ತುತ್ತಾನೆ. ಎಡಗಡೆಯಿಂದ ಎದುರಾಳಿ ತಂಡದ ಒಬ್ಬ ದಾಂಡಿಗ, ನಮ್ಮ ಲೈನ್‌ನವನನ್ನು ಬಾಗಿಲು ತಳ್ಳಿದಂತೆ ತಳ್ಳಿ, ಕ್ವಾರ್ಟರ್‌ಬ್ಯಾಕ್‌ನ ಮೊಣಕೈ ಮೇಲೇ ಬೀಳುತ್ತಾನೆ.

"ಕತ್ತರಿ!" ಆಂಟಿ ಕೂಗಿದರು.

"ಇನ್ನೊಂದು ನೋಡಿ, ಇನ್ನೊಂದು," ಎಂದರು ಡಾಕ್ಟರ್ ಅಂಕಲ್. ದನಿ ಆಗಲೇ ಇಳಿದಿತ್ತು.

ಎರಡನೆಯದು. ಅದೇ ಎಡಗಡೆ, ಅದೇ ದಾಂಡಿಗ. ಈ ಸಲ ಚೆಂಡು ಕೈ ಬಿಡುವ ಮೊದಲೇ ಹುಡುಗ ಅರ್ಧ ನೆಲದಲ್ಲಿದ್ದ.

"ಕತ್ತರಿ! ಕತ್ತರಿ!" ಈಗ ಅಬ್ಬಾ ಕೂಡ ಕೂಗುತ್ತಿದ್ದರು. ಆಂಟಿ ಹಾರಿ ನನ್ನ ಬೆನ್ನಿಗೆ ಗುದ್ದಿದರು. ಗಿರಮಿಟ್ ತಟ್ಟೆ ಕಾರ್ಪೆಟ್ ಮೇಲೆ ಚೆಲ್ಲಿತು. ಯಾರೂ ತಿರುಗಿ ನೋಡಲಿಲ್ಲ.

ನಾನು ಪುಸ್ತಕ ಮೊಣಕಾಲ ಮೇಲಿಟ್ಟುಕೊಂಡು ಎರಡು ಚುಕ್ಕೆಗಳಿಗೂ ಒಂದೊಂದು ಗೆರೆ ಎಳೆದೆ.

"ಯಾಕ ಹಿಂಗ ಹೊಲಸ ಮಾಡ್ತಿ, ವೈಟ್ನರ್ ಐತಿ ಮ್ಯಾಲೆ," ಎಂದರು ಅಂಕಲ್.

"ಬೇಡ ಅಂಕಲ್. ತಪ್ಪು ಕಾಣಬೇಕು." ಪಕ್ಕದಲ್ಲಿ ಕತ್ತರಿಯಿಟ್ಟ ಚುಕ್ಕೆ ಹಾಕಿ, ಸಹಿ ಮಾಡಿ, ತಾರೀಖಿನ ಜೊತೆ ಸಮಯವನ್ನೂ ಬರೆದೆ: ನಾಲ್ಕು ಗಂಟೆ ಐವತ್ತೆರಡು ನಿಮಿಷ. ಹದಿನಾಲ್ಕರಲ್ಲಿ ಹನ್ನೊಂದು. ಕ್ವಾರ್ಟರ್‌ಬ್ಯಾಕ್‌ನ ಪಾಲಿಗೆ ಉಳಿದ ತಪ್ಪು ಮೂರೇ. ನನ್ನ ಎಡಗೈ ಹುಡುಗನನ್ನೇ ತಂದು ಅಲ್ಲಿ ನಿಲ್ಲಿಸಿದರೂ ಅವನ ಮೊಣಕೈ ಮೇಲೂ ಅದೇ ದಾಂಡಿಗ ಬೀಳುತ್ತಿದ್ದ. ಪುಸ್ತಕ ನನ್ನ ವಿರುದ್ಧವೇ ಸಾಕ್ಷಿ ಹೇಳಿತ್ತು. ವಿಚಿತ್ರವೆಂದರೆ ಆ ಕ್ಷಣ ನನಗೆ ಕುಣಿಯಬೇಕೆನ್ನಿಸಿತು. ಎರಡು ಸೀಸನ್ ಚೆಂಡನ್ನೇ ನೋಡುತ್ತಿದ್ದವಳಿಗೆ ಆಟ ಬೇರೆಲ್ಲೋ ನಡೆಯುತ್ತಿತ್ತು ಎಂದು ಆಗ ಗೊತ್ತಾಗಿತ್ತು.

"ಜಗಳ ಬಗೀಹರೀತು, ಖರೆ," ಎಂದರು ಅಂಕಲ್. "ಆದ್ರ ತಪ್ಪೂ ಬಂತಲ್ಲ. ರೂಲ್..."

"ತಪ್ಪು ನಂದು ಸ್ವಾಮಿ," ಎಂದರು ಡಾಕ್ಟರ್ ಅಂಕಲ್. ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸುತ್ತಿದ್ದರು. "ನೋಡಿದ್ದು ನಾನು, ತಪ್ಪು ಹೇಳಿದ್ದು ನಾನು. ನಮ್ಮ ನರ್ಸ್‌ಗಳಲ್ಲಿ ಒಬ್ಬರು ಚಾರ್ಟ್ ಹಿಂಗೆ ತಿದ್ದಿದ್ರೆ ಕಾಲಿಗೆ ಬೀಳ್ತೀನಿ. ನನ್ನ ಕ್ವಾರ್ಟರ್‌ಬ್ಯಾಕ್‌ನೂ ಮುಳುಗಿಸಿದಳು, ತನ್ನ ಕ್ವಾರ್ಟರ್‌ಬ್ಯಾಕ್‌ನೂ ಮುಳುಗಿಸಿದಳು. ಕೊಡ್ರಿ ಮಾರ್ಕರ್."

ಅಂಕಲ್ ಆಂಟಿಯ ಮುಖ ನೋಡಿದರು. ಅಲ್ಲಿ ಏನು ಕಂಡರೋ, ಮಾರ್ಕರ್ ಕೊಟ್ಟರು.

ಫ್ರಿಜ್ಜಿನ ಮುಂದೆ ನಿಂತೆ. ಹಿರಿಯರು ನಾಲ್ವರ ಸಾಲುಗಳ ಕೆಳಗೆ ಐದನೆಯದು, ಖಾಲಿ. ಮುಚ್ಚಳ ತೆಗೆದೆ. ಮೊದಲಿಗೆ ನನ್ನ ಇನಿಷಿಯಲ್ ಬರೆದೆ. ಮುಂದೆ "ಲೈನ್‌ಮನ್, ಎಡಗಡೆ" ಎಂದು ಬರೆದೆ. ಆಮೇಲೆ ಕೈ ನಿಂತಿತು. ಒಂಬತ್ತು ಶನಿವಾರ ಕಾಲೇಜು ಆಟ ನೋಡಿದ್ದೆನಲ್ಲ, ಒಬ್ಬನೇ ಒಬ್ಬ ಲೈನ್‌ಮನ್‌ನ ಹೆಸರು ನನಗೆ ಗೊತ್ತಿರಲಿಲ್ಲ.

"ನನ್ನ ಹುಡುಗನ್ನ ಬರಿ," ಎಂದರು ಆಂಟಿ. "ಹೆಸರು ನಾ ಹೇಳ್ತೀನಿ."

"ಇಲ್ಲ ಆಂಟಿ. ನಾನು ಅವನನ್ನ ನೋಡಿಲ್ಲ."

"ನೋಡ್ರಪಾ, ಕಾಡಿ ಬೇಡಿ ಸಾಲು ತಗೊಂಡು ಖಾಲಿ ಬಿಡ್ತಾಳ!" ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಒಂದು ವಾರದ ಗಡುವು ಕೊಟ್ಟರು.

ಮುಂದಿನ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸ್ಕೋರ್‌ಬುಕ್ಕಿನ ಹೊಸ ಪುಟ ತೆರೆದು ಟೀವಿಯ ಮುಂದೆ ಕೂತೆ. ಚೆಂಡು ಎಲ್ಲಿ ಹೋಗುತ್ತದೆಂದು ನೋಡಬಾರದು ಎಂದು ತೀರ್ಮಾನಿಸಿದ್ದೆ. ಅದೆಷ್ಟು ಕಷ್ಟ! ಜನ ಕೂಗಿದಾಗಲೆಲ್ಲ ಕಣ್ಣು ತಾನಾಗಿ ಆ ಕಡೆ ಓಡುತ್ತಿತ್ತು, ಎಳೆದು ತರುತ್ತಿದ್ದೆ. ಎಡಗಡೆಯ ತುದಿಯಲ್ಲಿ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡಿದ್ದ ದಢೂತಿ ಹುಡುಗನೊಬ್ಬ ಬಾಗಿ ನಿಂತಿದ್ದ. ಎದುರಾಳಿ ನುಗ್ಗಿದ; ಹುಡುಗ ಒಂದು ಹೆಜ್ಜೆ ಹಿಂದೆ ಸರಿದು, ಅವನ ಎದೆಗೆ ಎರಡು ಅಂಗೈ ಊರಿದ. ಎದುರಾಳಿ ಅಲ್ಲೇ ನಿಂತ. ಹಿಂದೆ ಎಲ್ಲೋ ಚೆಂಡು ಹಾರಿತು, ಸ್ಟೇಡಿಯಂ ಎದ್ದು ನಿಂತಿತು.

"ಯಾರು ಹಿಡಿದ?" ಎಂದರು ಪಕ್ಕದಲ್ಲಿದ್ದ ಅಬ್ಬಾ.

"ಗೊತ್ತಿಲ್ಲ ಅಬ್ಬಾ," ಎಂದು, ಆ ಹುಡುಗನ ಬೆನ್ನಿನ ನಂಬರ್ ಬರೆದುಕೊಂಡು, ಅದರ ಮುಂದೆ ಮೊದಲ ಗುರುತು ಹಾಕಿದೆ.