ಮೊರದ ಎರಡು ಅಂಚು

ಕುಶಾಲನಗರದ ಹತ್ತಿರದ ಒಂದು ಕಾಫಿ ಶೆಡ್ಡಿನಲ್ಲಿ ಬೀಜ ಆರಿಸುವುದರಲ್ಲಿ ಹುಚ್ಚಮ್ಮನದು ಎತ್ತಿದ ಕೈ. ಮೊರ ತೊಡೆಯ ಮೇಲೆ, ಬೀಜ ಒಂದೇ ಪದರ. ಕತ್ತು ಆಡಬಾರದು, ಕಣ್ಣು ಅಲೆಯಬಾರದು. ನಡುವೆ ನೋಟ ನೆಟ್ಟು ಇಡೀ ಮೊರವನ್ನು ಒಮ್ಮೆಗೇ ಕಾಣಬೇಕು. ಕೆಟ್ಟ ಕರಿ ಬೀಜ ತಾನೇ ಎದ್ದು ತೋರುತ್ತದೆ. ಅತ್ತೆ ಕಲಿಸಿದ ಕೆಲಸ ಅದು.

ಒಂದು ವರ್ಷ ಶೆಡ್ಡಿನ ಕೆಲಸ, ಲೆಕ್ಕ ನೋಡುವ ರೈಟರ್ ಸಿದ್ದಬಸಪ್ಪ ಅವಳ ಮೊರದಲ್ಲಿ ಬೆರಳಾಡಿಸಿ ನಿಂತುಬಿಟ್ಟ.

"ಏನವ್ವಾ ಇದು, ನಡುವೆ ಮುತ್ತು, ಅಂಚಲ್ಲಿ ಇದ್ದಿಲು! ಇನ್ನೊಂದ್ಸಲ ಹಿಂಗಾದ್ರೆ ಮೂಟೆ ಹೊಲಿಯಾಕೆ ಹೋಗು."

ಆರಿಸುವ ಜಾಗ ಹೋದರೆ ತನಗೆ ಉಳಿಯುವುದೇನು ಎಂದುಕೊಂಡು ಹುಚ್ಚಮ್ಮ ಅಂಚಿನ ಬೀಜವನ್ನು ಮತ್ತೆ ಆರಿಸತೊಡಗಿದಳು. ಪಕ್ಕದಲ್ಲಿ ಕೂರುವ ವನಜಮ್ಮನದು ಬೇರೆ ದೂರು.

"ಎಲೆಅಡಿಕೆ ಚಾಚಿದ್ರೂ ತಿರುಗಿ ನೋಡಲ್ಲ. ಭಾರಿ ಮಹಾರಾಣಿ ಆಗ್ಬಿಟ್ಟೆ ಕಣೆ!"

ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಂಡಾಗ ಹುಚ್ಚಮ್ಮ ಬಾಗಿಲನ್ನೇ ಬೈದಿದ್ದಳು. ವಯಸ್ಸಾಯಿತು ಎಂದುಕೊಂಡು ಸಂತೆಯಲ್ಲಿ ಕನ್ನಡಕ ಕೊಂಡಳು. ಬೀಜ ದಪ್ಪ ಕಂಡಿತೇ ಹೊರತು ಅಂಚು ಕಾಣಲಿಲ್ಲ.

ಕಡೆಗೆ ಸೊಸೆ ಕಾವ್ಯಶ್ರೀ ಅವಳನ್ನು ಮಡಿಕೇರಿಯ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಕಣ್ಣು ಪರೀಕ್ಷಿಸುವ ಸುಧಾ ತೋರಿಸಿದ ಅತಿ ಸಣ್ಣ ಅಂಕಿಯನ್ನೂ ಹುಚ್ಚಮ್ಮ ಸರಿಯಾಗಿ ಹೇಳಿದಳು. ಸುಧಾ ಅಷ್ಟಕ್ಕೇ ಬಿಡಲಿಲ್ಲ. ಅವಳ ಎಡಗಣ್ಣು ಮುಚ್ಚಿಸಿದಳು.

"ನನ್ನ ಮೂಗನ್ನೇ ನೋಡ್ತಿರಿ ಅಮ್ಮ. ಬೆರಳು ಕಂಡ ಕೂಡ್ಲೇ ಹೇಳಿ."

ಬಲಗಡೆಯಿಂದ ಬಂದ ಬೆರಳು ಎದುರಿಗೆ ಬರುವವರೆಗೂ ಹುಚ್ಚಮ್ಮ ಸುಮ್ಮನಿದ್ದಳು. ಮೂಗಿನ ಕಡೆಯಿಂದ ಬಂದದ್ದು ತಕ್ಷಣ ಕಂಡಿತು. ಇನ್ನೊಂದು ಕಣ್ಣಿನದೂ ಅದೇ ಕಥೆ, ಹೊರಗಡೆ ಮಾತ್ರ ಕತ್ತಲೆ.

"ಪೊರೆ ಬಂದೈತಾ ಮಗಾ?"

"ಪೊರೆ ಅಲ್ಲಮ್ಮ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಅದರಲ್ಲಿ ಗೆಡ್ಡೆ ಬೆಳೆದ್ರೆ ಎರಡೂ ಕಣ್ಣಿನ ನರ ಕೂಡೋ ಜಾಗ ಒತ್ತುತ್ತೆ. ಹಾಗಿರಬಹುದು. ಸ್ಕ್ಯಾನ್ ಆಗ್ಲೇಬೇಕು, ತಡ ಮಾಡಿದ್ರೆ ಹೋದ ನೋಟ ವಾಪಸ್ ಬರೋದು ಕಷ್ಟ."

ಸ್ಕ್ಯಾನಿನಲ್ಲಿ ಗೆಡ್ಡೆ ಕಂಡಿತು. ಮೈಸೂರಿನ ಡಾಕ್ಟರು ಅದನ್ನು ಮೂಗಿನ ಮೂಲಕವೇ ತೆಗೆಯುತ್ತೇವೆ ಎಂದರು.

"ಹಂಗಾದ್ರೆ ಮೂಗುಬಟ್ಟು ಬಿಚ್ಚಿಡ್ಬೇಕಾ?" ಎಂದು ಹುಚ್ಚಮ್ಮ ಕೇಳಿದ್ದಕ್ಕೆ, ಹೆದರಿ ಕೂತಿದ್ದ ಕಾವ್ಯಶ್ರೀಗೂ ನಗು ಬಂತು.

ಆಪರೇಷನ್ ಆಯಿತು, ತೆಗೆದ ಗೆಡ್ಡೆ ಕ್ಯಾನ್ಸರ್ ಅಲ್ಲ. ನೋಟ ಒಂದೇ ಸಲ ಬರಲಿಲ್ಲ, ಮಂಜು ಕರಗುವಂತೆ ಬಂತು. ಬಲಗಡೆಯ ಕೊನೆ ಮಾತ್ರ ಇನ್ನೂ ಮಸುಕು. ಮಾತ್ರೆ, ತಪಾಸಣೆ ನಡೆದೇ ಇವೆ. ಮುಂದಿನ ಹಂಗಾಮಿಗೆ ಅವಳು ಮತ್ತೆ ಶೆಡ್ಡಿಗೆ ಬಂದಾಗ ಸಿದ್ದಬಸಪ್ಪ ಅವಳ ಹಳೆಯ ಜಾಗವನ್ನೇ ತೋರಿಸಿದ.

ವನಜಮ್ಮ ಬಲಗಡೆ ಕೂರಲು ಬಂದಳು.

"ಎಡಕ್ಕೆ ಬಾರೆ," ಎಂದಳು ಹುಚ್ಚಮ್ಮ. "ಅಲ್ಲಿ ಕೂತ್ರೆ ನೀನು ಮೂತಿ ತಿರುಗ್ಸೋದು ನಂಗೆ ಕಾಣಾಕಿಲ್ಲ."