ನನ್ನ ತಮ್ಮ ಒಬ್ಬನೇ ಹೋದನಂತೆ

ಟೀವಿಯವರು ನನ್ನ ತಮ್ಮನಿಗೆ ‘ಒಂಟಿ ಉಗ್ರ’ ಎಂದು ಹೆಸರಿಟ್ಟರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕುದೂರಿನಲ್ಲಿ ಕಟಿಂಗ್ ಮಾಡಿಸಿಕೊಳ್ಳಲಿಕ್ಕೂ ಜೊತೆಗೊಬ್ಬರು ಬೇಕೆನ್ನುತ್ತಿದ್ದ ಪುಕ್ಕಲ ಅವನು. ಅಂಥವನು ರಾಮನಗರಕ್ಕೆ ಹೋಗಿ, ಬೇರೆ ಧರ್ಮದವರ ಪ್ರಾರ್ಥನಾ ಮಂದಿರದ ಬಾಗಿಲಿಗೆ ಪೆಟ್ರೋಲ್ ತುಂಬಿದ ಬಾಟಲಿ ಹೊತ್ತಿಸಿ ಎಸೆದ. ಒಳಗಿದ್ದ ಮುದುಕರೊಬ್ಬರ ಕಾಲು ಸುಟ್ಟಿತು. ಮಾಡಿದ್ದು ಅವನೇ, ಜೈಲಿನಲ್ಲಿ ಕೊಳೆಯಲಿ. ಆದರೆ ಅವನೊಬ್ಬನೇ ಯಾಕೆ ಕೊಳೆಯಬೇಕು ಅನ್ನುವುದು ನನ್ನ ಸಂಕಟ.

ನಮ್ಮೂರಲ್ಲಿ ದೊಡ್ಡಪ್ಪನ ಅಂಗಡಿ ಜಗಲಿ ಎಂಬುದೊಂದಿದೆ. ದಿನಾ ಸಂಜೆ ಅಲ್ಲಿ ಮೊಬೈಲಿಗೆ ಬಂದ ಹಲ್ಕಾ ವಿಡಿಯೋಗಳನ್ನು ಜೋರಾಗಿ ಹಾಕಿಕೊಂಡು, ನಮ್ಮಲ್ಲಿ ಗಂಡಸರೇ ಸತ್ತುಹೋದರಾ ಎಂದು ಹಲುಬುವ ಶೂರರು ಸೇರುತ್ತಾರೆ. ಬೀಡಿಗಲ್ಲದೆ ಇನ್ನೊಂದಕ್ಕೆ ಕಡ್ಡಿ ಗೀರುವ ಯೋಗ್ಯತೆ ಒಬ್ಬನಿಗೂ ಇಲ್ಲ. ತಮ್ಮನನ್ನು ಮಧ್ಯೆ ಕೂರಿಸಿಕೊಂಡು, ನಿನ್ನ ಹಿಂದೆ ನಾವೆಲ್ಲ ಇದ್ದೇವೆ ಎಂದು ಬೆನ್ನು ತಟ್ಟುತ್ತಿದ್ದರು. ಆ ಪೆದ್ದ ನಂಬಿದ.

ಅವನು ಸಿಕ್ಕಿಬಿದ್ದ ವಾರವೇ ನಮ್ಮ ಮನೆಯ ರೇಷ್ಮೆಹುಳು ಹಣ್ಣಾದವು. ಹಣ್ಣಾದ ಹುಳುವನ್ನು ಅವತ್ತೇ ಆಯ್ದು, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡುವುದು ಒಂದಿಬ್ಬರ ಕೈಲಾಗುವ ಕೆಲಸವಲ್ಲ. ಅದಕ್ಕೇ ನಮ್ಮಲ್ಲಿ ಮುಯ್ಯಾಳು ನಡೆಯುತ್ತದೆ: ಇವತ್ತು ನಮ್ಮನೆಗೆ ನೀವು, ನಾಳೆ ನಿಮ್ಮನೆಗೆ ನಾವು. ಜಗಲಿಯ ಅಷ್ಟೂ ಜನರ ಮನೆಯಲ್ಲಿ ನನ್ನ ತಮ್ಮ ಹೋಗಿ ಹುಳು ಆಯ್ದಿದ್ದ. ಈ ಸಲ ಒಬ್ಬನೂ ನಮ್ಮ ಕಡೆ ತಲೆ ಹಾಕಲಿಲ್ಲ. ಅಮ್ಮನೂ ನಾನೂ ಆದಷ್ಟು ಆಯ್ದೆವು, ಉಳಿದವು ತಟ್ಟೆಯಲ್ಲೇ ಹಾಳಾದವು.

ಆಮೇಲೆ ದೊಡ್ಡಪ್ಪ ಬಂದ. ಪೊಲೀಸರು ಕೇಳಿದರೆ, ಹುಡುಗ ಮೊದಲಿಂದಲೂ ಯಾರ ಜೊತೆಗೂ ಸೇರುತ್ತಿರಲಿಲ್ಲ ಅನ್ನಬೇಕಂತೆ. ಮನೆತನದ ಮರ್ಯಾದೆಯ ಪ್ರಶ್ನೆಯಂತೆ. ಥೂ, ಇವನ ಮರ್ಯಾದೆಗಿಷ್ಟು! ಅಮ್ಮ ಕಾಫಿ ಕೊಡಲು ಎದ್ದವಳು ಮತ್ತೆ ಕೂತುಬಿಟ್ಟಳು.

ಜೈಲಿಗೆ ಹೋಗಿ ತಮ್ಮನ ಮುಂದೆ ಅಂಗಲಾಚಿದೆ. ನಿನ್ನನ್ನು ಉಬ್ಬಿಸಿ ಕಳಿಸಿದವರ ಹೆಸರು ಹೇಳಿಬಿಡೋ ಎಂದೆ. ಆ ಮೂರ್ಖ ಎದೆ ಉಬ್ಬಿಸಿದ.

“ನಾನೊಬ್ನೇ ಮಾಡಿದ್ದು ಕಣಕ್ಕ, ಯಾರೂ ಇರ್ನಿಲ್ಲ. ದೊಡ್ಡಪ್ಪ ಬಸ್‌ಸ್ಟ್ಯಾಂಡ್ ಗಂಟ ಬಂದು ಒಸಿ ಧೈರ್ಯ ಯೋಳಿ ಬಸ್ ಅತ್ತುಸ್ಬುಟ್ರು, ಅಷ್ಟೇಯ.”

ಅಲ್ಲಿಂದ ನೆಟ್ಟಗೆ ಠಾಣೆಗೆ ಹೋಗಿ ಅವನು ಹೇಳಿದ್ದನ್ನು ಹಾಗೇ ಹೇಳಿದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, “ನಿಮ್ ದೊಡ್ಡಪ್ಪ ಬಸ್ ಹತ್ಲಿಲ್ವಲ್ಲಮ್ಮ?” ಎಂದು ಕೇಳಿದರು.